ಕೀಲು ತಪ್ಪಿದ ಭುಜ, ಎದುರಿಗೆ ಜಿರೊ: ಪ್ರಿಮೋಷ್ ರೊಗ್ಲಿಚ್ ಪ್ರಕರಣ

2022ರ ಜುಲೈ 6. ಟೂರ್ ದ ಫ್ರಾನ್ಸ್ ಸೈಕಲ್ ರೇಸಿನ ಐದನೇ ಹಂತ. ಉತ್ತರ ಫ್ರಾನ್ಸಿನ ಲಿಲ್ ನಗರದಿಂದ ಅರೆನ್‌ಬರ್ಗ್ ಕಡೆಗೆ 157 ಕಿ.ಮೀ. ದಾರಿ. ಅದರಲ್ಲಿ 11 ಕಡೆ ಹಳೇ ಕಾಲದ ಕಲ್ಲುಹಾಸು. ಕೊನೆಗೆ ಸುಮಾರು 30 ಕಿ.ಮೀ. ಉಳಿದಿತ್ತು. ಅಡ್ಡಿಗಳಿಂದ ರಕ್ಷಣೆಗೆಂದು ಇಟ್ಟಿದ್ದ ಹುಲ್ಲಿನ ಹೊರೆಯೊಂದು ರಸ್ತೆಗೆ ಬಂದುಬಿಟ್ಟಿತ್ತು. ಸ್ಲೊವೇನಿಯಾದ ಪ್ರಿಮೋಷ್ ರೊಗ್ಲಿಚ್ ಅಲ್ಲಿ ಬಿದ್ದರು. ಭುಜದ ಕೀಲು ತಪ್ಪಿತು.

ಮುಂದೆ ಆಗಿದ್ದನ್ನು ಅವರೇ ಅವತ್ತು ಸಂಜೆ ಹೇಳಿದರು. ರಸ್ತೆ ಮೇಲೆ ಕೂತು ಕೀಲು ಕೂರಿಸಿಕೊಳ್ಳಲು ಆಗಲಿಲ್ಲವಂತೆ. ರೇಸ್ ನೋಡಲು ಬಂದಿದ್ದ ಒಬ್ಬರ ಕುರ್ಚಿ ತೆಗೆದುಕೊಂಡು, ಅದರ ಮೇಲೆ ಕೂತು, ತಾವೇ ಭುಜವನ್ನು ಒಳಗೆ ಕೂರಿಸಿಕೊಂಡರಂತೆ. ಆಮೇಲೆ ಸೈಕಲ್ ಹತ್ತಿ ಹಂತ ಮುಗಿಸಿದರು. ಅವತ್ತು ಮುಖ್ಯ ಎದುರಾಳಿ, ಸ್ಲೊವೇನಿಯಾದವರೇ ಆದ ಪೊಗಾಚಾರ್‌ಗೆ ಹೋಲಿಸಿದರೆ ಎರಡು ನಿಮಿಷಕ್ಕಿಂತ ಜಾಸ್ತಿ ಕಳೆದುಕೊಂಡರು.

ಈ ಕುರ್ಚಿಯ ಕಥೆ ಎಲ್ಲೆಡೆ ಸಾಹಸದ ಕಥೆಯಾಗಿ ಓಡಾಡಿತು. ಸಾಹಸ ಹೌದು. ಆದರೆ ನನಗೆ ಅದರಲ್ಲಿ ಮುಖ್ಯವಾಗಿ ಕಂಡಿದ್ದು ಬೇರೆ. ಕೀಲು ಹೇಗೆ ಕೂರಿಸಿಕೊಳ್ಳಬೇಕು ಅಂತ ತಮಗೆ ಗೊತ್ತಿದೆ ಎಂದು ಅವರು ಹೇಳಿದ್ದರು. ಒಬ್ಬ ಮನುಷ್ಯನಿಗೆ ಅದು ಗೊತ್ತಿದೆ ಅಂದರೆ ಆ ಕೀಲಿನ ವಿಷಯದಲ್ಲಿ ಇನ್ನೂ ಏನೋ ಕೆಲಸ ಬಾಕಿ ಇದೆ ಅಂತಲೇ ಅರ್ಥ. ಆ ಬಾಕಿ ಕೆಲಸ ಮುಗಿಯಲು ಮತ್ತೆ ಮೂರು ತಿಂಗಳು ಬೇಕಾಯಿತು, ನಡುವೆ ಇನ್ನೊಂದು ದೊಡ್ಡ ರೇಸು ಬಂತು, ಇನ್ನೊಂದು ಬೀಳುವಿಕೆಯೂ ಬಂತು. ಕೊನೆಗೆ ಆಪರೇಷನ್ ಆಯಿತು. ಅದಾದ ಮೇಲೆ 2023ರ ಮೇ ತಿಂಗಳಲ್ಲಿ ಇಟಲಿಯ ಮೂರು ವಾರದ ರೇಸು, ಜಿರೊ ದಿತಾಲಿಯಾ. ಈ ಬರಹ ಆ ಹತ್ತು ತಿಂಗಳ ಬಗ್ಗೆ.

ಭುಜ ಯಾಕೆ ಇಷ್ಟು ಸುಲಭಕ್ಕೆ ಜಾರುತ್ತದೆ

ನಮ್ಮ ಶಾಲೆಗಳ ನಿಂಬೆ-ಚಮಚ ಓಟ ನೆನಪಿದೆಯಲ್ವಾ? ಭುಜದ ಕೀಲು ಹೆಚ್ಚುಕಡಿಮೆ ಹಾಗೇ ಇದೆ. ತೋಳಿನ ಮೂಳೆಯ ತುದಿ ದುಂಡಗೆ, ದೊಡ್ಡದು. ಅದು ಕೂರುವ ಗುಳಿ ಚಿಕ್ಕದು, ಆಳವೂ ಇಲ್ಲ. ಸೊಂಟದ ಕೀಲಿನ ಹಾಗೆ ಮೂಳೆಯೇ ಮೂಳೆಯನ್ನು ಹಿಡಿದುಕೊಳ್ಳುವುದಿಲ್ಲ. ಗುಳಿಯ ಸುತ್ತ ಲ್ಯಾಬ್ರಮ್ ಎಂಬ ಗಟ್ಟಿ ಅಂಚು ಇದೆ. ಅದರ ಹೊರಗೆ ಚೀಲದಂಥ ಪೊರೆ, ಅಸ್ಥಿರಜ್ಜುಗಳು, ಅವುಗಳ ಮೇಲೆ ನಾಲ್ಕು ಚಿಕ್ಕ ಸ್ನಾಯುಗಳ ಗುಂಪು. ಇವೆಲ್ಲ ಸೇರಿ ಆ ಗುಂಡನ್ನು ಜಾಗದಲ್ಲಿ ಇಟ್ಟಿರುತ್ತವೆ. ಕೈಯನ್ನು ಎಲ್ಲಾ ದಿಕ್ಕಿಗೂ ತಿರುಗಿಸುವ ಸೌಕರ್ಯಕ್ಕೆ ದೇಹ ಕೊಟ್ಟ ಬೆಲೆ ಇದು.

ಸೈಕಲಿನಿಂದ ಬೀಳುವಾಗ ಕೈ ಚಾಚುವುದು ಸಹಜ. ಕೈ ಮೇಲೆತ್ತಿ, ಹೊರಗೆ ಚಾಚಿ, ಹಿಂದಕ್ಕೆ ತಿರುಚಿದ ಸ್ಥಿತಿಯಲ್ಲಿ ನೆಲದ ಪೆಟ್ಟು ಬಿದ್ದರೆ ಗುಂಡು ಮುಂದಕ್ಕೆ ಜಾರುತ್ತದೆ. ಭುಜದ ಕೀಲು ತಪ್ಪುವ ಪ್ರಕರಣಗಳಲ್ಲಿ ಬಹುಪಾಲು ಹೀಗೆ ಮುಂದಕ್ಕೆ ಜಾರಿದವೇ. ಜಾರುವಾಗ ಲ್ಯಾಬ್ರಮ್ಮಿನ ಮುಂಭಾಗ ಹರಿಯಬಹುದು. 1923ರಲ್ಲಿ ಇದನ್ನು ವಿವರಿಸಿದ ಬ್ರಿಟಿಷ್ ಸರ್ಜನ್ ಹೆಸರಿನಲ್ಲಿ ಇದಕ್ಕೆ ಬ್ಯಾಂಕಾರ್ಟ್ ಗಾಯ ಅನ್ನುತ್ತಾರೆ. ಗುಳಿಯ ಅಂಚು ಬಡಿದು ಗುಂಡಿನ ಹಿಂಭಾಗದಲ್ಲಿ ಒಂದು ತಗ್ಗು ಬೀಳುವುದೂ ಉಂಟು. ಅದು ಹಿಲ್-ಸ್ಯಾಕ್ಸ್ ಗಾಯ.

ಕೀಲು ಕೂರಿಸಿದ ತಕ್ಷಣ ನೋವು ಅರ್ಧಕ್ಕಿಂತ ಜಾಸ್ತಿ ಇಳಿಯುತ್ತದೆ. ಜನ ಮೋಸ ಹೋಗುವುದು ಇಲ್ಲೇ. ಗುಂಡು ಜಾಗಕ್ಕೆ ಬಂತು, ಆದರೆ ಹರಿದ ಅಂಚು ಹರಿದೇ ಇದೆ. ಅದು ಸರಿಯಾಗಿ ಕೂಡಿಕೊಳ್ಳದಿದ್ದರೆ ಮುಂದಿನ ಸಲ ಇನ್ನೂ ಕಡಿಮೆ ಪೆಟ್ಟಿಗೆ ಜಾರುತ್ತದೆ. ಇಪ್ಪತ್ತರೊಳಗಿನವರಲ್ಲಿ ಮತ್ತೆ ಮತ್ತೆ ಜಾರುವ ಸಾಧ್ಯತೆ ತುಂಬಾ ಹೆಚ್ಚು. ವಯಸ್ಸಾದ ಹಾಗೆ ಅದು ಕಡಿಮೆಯಾಗುತ್ತದೆ. ಆದರೆ ನಲವತ್ತು ದಾಟಿದವರಲ್ಲಿ ಕೀಲು ತಪ್ಪುವಾಗ ಸ್ನಾಯುಗಳ ನಾರು ಹರಿಯುವ ಭಯ ಜಾಸ್ತಿ. ರೊಗ್ಲಿಚ್‌ಗೆ ಆಗ 32 ವರ್ಷ.

ಬಿದ್ದ ಎರಡೇ ದಿನಕ್ಕೆ ಮೂರನೇ ಸ್ಥಾನ

ಜುಲೈ 8ರಂದು ಏಳನೇ ಹಂತ. ಪ್ಲಾನ್ಶ್ ದೆ ಬೆಲ್ ಫಿಲ್ ಎಂಬ ಕಡಿದಾದ ಬೆಟ್ಟ. 2020ರ ಟೂರ್‌ನಲ್ಲಿ ಕೊನೆಯ ಹಿಂದಿನ ದಿನ ರೊಗ್ಲಿಚ್ ಒಟ್ಟಾರೆ ಮುಂದಿರುವವರು ತೊಡುವ ಹಳದಿ ಜೆರ್ಸಿಯನ್ನು ಪೊಗಾಚಾರ್‌ಗೆ ಕಳೆದುಕೊಂಡಿದ್ದು ಇದೇ ಬೆಟ್ಟದಲ್ಲಿ. ಕೀಲು ತಪ್ಪಿ ಎರಡೇ ದಿನಕ್ಕೆ ಅಲ್ಲಿ ಅವರು ಮೂರನೆಯವರಾಗಿ ಮೇಲೆ ಬಂದರು. ಮುಂದೆ ಇದ್ದವರು ಪೊಗಾಚಾರ್ ಮತ್ತು ರೊಗ್ಲಿಚ್ ತಂಡದವರೇ ಆದ ವಿಂಗೆಗೋರ್ ಇಬ್ಬರೇ.

ಇದು ಹೇಗೆ ಸಾಧ್ಯ? ಸೈಕಲ್ ಮೇಲೆ ಕೂತಾಗ ಕೈಗಳು ಮುಂದೆ, ಭುಜಕ್ಕಿಂತ ಕೆಳಗೆ ಇರುತ್ತವೆ. ಕೀಲು ಮುಂದಕ್ಕೆ ಜಾರುವ ಭಂಗಿಗೆ ಇದು ವಿರುದ್ಧ. ಕೂತು ತುಳಿಯುವ ತನಕ ಭುಜಕ್ಕೆ ಅಷ್ಟೇನೂ ಅಪಾಯವಿಲ್ಲ. ಕಾಲು ಚೆನ್ನಾಗಿದ್ದರೆ ಬೆಟ್ಟ ಹತ್ತಬಹುದು. ಕಬಡ್ಡಿ ಆಡುವವರಿಗೂ ಫಾಸ್ಟ್ ಬೌಲರಿಗೂ ಈ ಅನುಕೂಲ ಇಲ್ಲ.

ಆದರೆ ರೇಸ್ ಅಂದರೆ ಕೂತು ತುಳಿಯುವುದಷ್ಟೇ ಅಲ್ಲ. ಎದ್ದು ನಿಂತು ಹ್ಯಾಂಡಲ್ ಎಳೆಯಬೇಕು. ಇಳಿಜಾರಿನಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮತ್ತೆ ಬೀಳಬಹುದು. ಜುಲೈ 13ರಂದು ಗಲಿಬಿಯೇ ಬೆಟ್ಟದ ಹಾದಿಯಲ್ಲಿ ರೊಗ್ಲಿಚ್ ಮತ್ತು ವಿಂಗೆಗೋರ್ ಸರದಿಯ ಮೇಲೆ ದಾಳಿ ಮಾಡಿ ಪೊಗಾಚಾರ್‌ರನ್ನು ಸುಸ್ತು ಮಾಡಿದರು. ಆ ದಿನವೇ ವಿಂಗೆಗೋರ್ ಟೂರ್ ಗೆಲ್ಲುವ ದಾರಿ ಖಚಿತವಾಯಿತು ಅನ್ನಬಹುದು. ತಂಡದ ಕೆಲಸ ಮುಗಿಸಿದ ರೊಗ್ಲಿಚ್ ಜುಲೈ 17ರಂದು 15ನೇ ಹಂತಕ್ಕೆ ಬರಲಿಲ್ಲ. ಗಾಯಗಳು ವಾಸಿಯಾಗಲಿ ಎಂದು ಮನೆಗೆ ಹೋದರು.

ಸೈಕ್ಲಿಂಗ್ ಲೋಕದಲ್ಲಿ ನೋವು ನುಂಗಿ ಓಡಿಸುವುದಕ್ಕೆ ಹಳೆಯ ಗೌರವ ಇದೆ. 1956ರ ಜಿರೊದಲ್ಲಿ ಇಟಲಿಯ ಫಿಯೊರೆಂಜೊ ಮಾನ್ಯಿ ಕೊರಳೆಲುಬು ಮುರಿದುಕೊಂಡರು. ಒಂದು ಕೈಯಲ್ಲಿ ಹ್ಯಾಂಡಲ್ ಎಳೆಯಲು ಆಗದೆ, ಹ್ಯಾಂಡಲಿಗೆ ಟ್ಯೂಬ್ ಕಟ್ಟಿ ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಬೆಟ್ಟ ಹತ್ತಿದರು. ಒಟ್ಟಾರೆ ಎರಡನೇ ಸ್ಥಾನ ಬಂತು. ಆ ಫೋಟೋ ನೋಡಿದರೆ ಮೈ ಜುಂ ಅನ್ನುತ್ತದೆ. ಆದರೆ ಆ ಫೋಟೋ ನೋಡಿ ಯಾವ ಹುಡುಗನೂ ಯಾವ ಹುಡುಗಿಯೂ ಆಸ್ಪತ್ರೆ ತಪ್ಪಿಸಬಾರದು ಅಂತ ನಾನು ಮನಸಾರೆ ಬಯಸುತ್ತೇನೆ.

ಇಂಜೆಕ್ಷನ್ ಎಂಬ ಅಡ್ಡದಾರಿ

ರೇಸಿಗೆ ಮುಂಚೆ ಭುಜ ನೋಯುತ್ತಿದ್ದರೆ ಜನ ಮೊದಲು ಕೇಳುವ ಪ್ರಶ್ನೆ ಒಂದೇ. ಇಂಜೆಕ್ಷನ್ ಹಾಕಿಸಿಕೊಂಡು ಮುಗಿಸಿಬಿಡಲಾ? ಈ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ ಇದೆ. ನಮ್ಮಲ್ಲಿ ಇದರ ಬಗ್ಗೆ ಯಾರೂ ಸರಿಯಾಗಿ ಮಾತಾಡುವುದಿಲ್ಲ, ಆದ್ದರಿಂದ ಇಲ್ಲಿ ನಿಲ್ಲುತ್ತೇನೆ.

ಕೀಲಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಊತ ಇಳಿಸುತ್ತದೆ, ನೋವು ಕಡಿಮೆ ಮಾಡುತ್ತದೆ. ಹರಿದದ್ದನ್ನು ಹೊಲಿಯುವುದಿಲ್ಲ. ನಾರುಗಳು ಕೂಡಿಕೊಳ್ಳುವ ಕೆಲಸವನ್ನು ಅದು ನಿಧಾನ ಮಾಡುವ ಸಾಧ್ಯತೆಯೂ ಇದೆ. ಜಾರಿದ ಭುಜಕ್ಕೆ ಅದು ಮದ್ದೇ ಅಲ್ಲ. ಇನ್ನು ನಿಯಮದ ಮಾತು. ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾ 2022ರ ಜನವರಿ 1ರಿಂದ ಸ್ಪರ್ಧೆಯ ಅವಧಿಯಲ್ಲಿ ಈ ಗುಂಪಿನ ಸ್ಟಿರಾಯ್ಡ್‌ಗಳನ್ನು ಯಾವ ಬಗೆಯ ಇಂಜೆಕ್ಷನ್ ಮೂಲಕ ತೆಗೆದುಕೊಂಡರೂ ನಿಷೇಧ ಎಂದಿತು. ಕೀಲಿಗೆ ಹಾಕಿಸಿಕೊಂಡದ್ದೂ ಅದರಲ್ಲಿ ಸೇರುತ್ತದೆ. ಮೈಯಿಂದ ಹೊರಹೋಗಲು ಇಷ್ಟು ದಿನ ಬೇಕು ಎಂಬ ಲೆಕ್ಕವನ್ನೂ ಕೊಟ್ಟಿತು. ಕೀಲಿಗೆ ಹಾಕಿಸಿಕೊಂಡರೆ ಬಹಳಷ್ಟಕ್ಕೆ 3 ದಿನ. ಆದರೆ ನಮ್ಮ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿರುವ ಟ್ರಯಾಮ್ಸಿನೊಲೋನ್‌ಗೆ 10 ದಿನ. ನೋವು ಮರೆಸುವ ಟ್ರಮಡಾಲ್ ಮಾತ್ರೆಯನ್ನು ಸೈಕ್ಲಿಂಗ್ ಒಕ್ಕೂಟ ಯುಸಿಐ 2019ರ ಮಾರ್ಚ್‌ನಿಂದಲೇ ರೇಸುಗಳಲ್ಲಿ ನಿಷೇಧಿಸಿದೆ. 2024ರಿಂದ ವಾಡಾ ಪಟ್ಟಿಯಲ್ಲೂ ಅದು ಇದೆ.

ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳು ರಾಜ್ಯಕ್ಕೆ, ದೇಶಕ್ಕೆ ಸೈಕಲ್ ಓಡಿಸುತ್ತಾರೆ. ರಾಷ್ಟ್ರ ಮಟ್ಟದಲ್ಲಿ ಅವರನ್ನು ಪರೀಕ್ಷೆ ಮಾಡುವುದು ಉದ್ದೀಪನ ಮದ್ದು ತಡೆಯುವ ನಮ್ಮ ದೇಶದ ಸಂಸ್ಥೆ ನಾಡಾ. ಊರಿನ ಡಾಕ್ಟರಿಗೆ ಈ ಪಟ್ಟಿ ಗೊತ್ತಿರಬೇಕೆಂದೇನೂ ಇಲ್ಲ. ಅದಕ್ಕೇ ಸೂಜಿ ಚುಚ್ಚುವ ಮುಂಚೆ ಔಷಧಿಯ ಹೆಸರು ಬರೆಸಿಕೊಂಡು ಕೋಚ್‌ಗೆ ತೋರಿಸಬೇಕು. ಇದು ಸಣ್ಣ ವಿಷಯ ಅನ್ನಿಸಬಹುದು. ಒಂದು ಮಗುವಿನ ಕ್ರೀಡಾ ಬದುಕೇ ಇದರಲ್ಲಿ ಹೋಗಬಹುದು.

ವುಎಲ್ಟಾಗೆ ಹೋಗಬೇಕಿತ್ತಾ?

ಟೂರ್ ಬಿಟ್ಟ ಐದು ವಾರಕ್ಕೆ, ಆಗಸ್ಟ್ 19ರಂದು, ಸ್ಪೇನಿನ ವುಎಲ್ಟಾ ರೇಸ್ ಶುರುವಾಯಿತು. ಅದನ್ನು ಹಿಂದಿನ ಮೂರು ವರ್ಷವೂ ಗೆದ್ದವರು ರೊಗ್ಲಿಚ್. ಬರುತ್ತಾರೋ ಇಲ್ಲವೋ ಎಂಬುದು ಕೊನೆಯವರೆಗೂ ಅನುಮಾನದಲ್ಲಿತ್ತು. ಬಂದರು. ನಾಲ್ಕನೇ ಹಂತವನ್ನು ಗೆದ್ದರು. ಬೆಲ್ಜಿಯಮ್ಮಿನ ರೆಮ್ಕೊ ಎವನೆಪೂಲ್ ಮುಂದಿದ್ದರು, ಇವರು ಎರಡನೇ ಸ್ಥಾನದಲ್ಲಿ ಬೆನ್ನು ಹತ್ತಿದ್ದರು. ಸೆಪ್ಟೆಂಬರ್ 6ರಂದು ತೊಮಾರೆಸ್ ಎಂಬ ಊರಿನಲ್ಲಿ ಗುರಿ ಕಣ್ಣಿಗೆ ಕಾಣುತ್ತಿರುವಾಗ ಇನ್ನೊಬ್ಬ ಸವಾರನಿಗೆ ತಗುಲಿ ಜೋರಾಗಿ ಬಿದ್ದರು. ಮೈಯೆಲ್ಲ ತರಚಿ ರಕ್ತ. ಮರುದಿನ ರೇಸ್ ಬಿಟ್ಟರು.

ಆ ಬೀಳುವಿಕೆಗೂ ಹಳೇ ಭುಜಕ್ಕೂ ಸಂಬಂಧ ಕಟ್ಟುವುದು ತಪ್ಪು. ಅದು ಸ್ಪ್ರಿಂಟಿನಲ್ಲಿ ಆದ ಅಪಘಾತ. ಆದರೂ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಟೂರ್‌ನ ಐದನೇ ದಿನ ಎದ್ದು ಸೈಕಲ್ ಹತ್ತಿದ್ದು ನನಗೆ ಅರ್ಥವಾಗುತ್ತದೆ, ಆ ಹೊತ್ತಲ್ಲಿ ಯಾರಿಗೂ ಯೋಚನೆಗೆ ಸಮಯ ಇರುವುದಿಲ್ಲ. ಆಗಸ್ಟ್‌ನ ತೀರ್ಮಾನ ಬೇರೆ ಥರದ್ದು. ಅಲ್ಲಿ ಯೋಚಿಸಲು ವಾರಗಳಿದ್ದವು. ಜಾರುವ ಭುಜ ಇಟ್ಟುಕೊಂಡು ಮೂರು ವಾರದ ರೇಸಿಗೆ ಇಳಿದಾಗ ಪ್ರತಿ ಬೀಳುವಿಕೆಯೂ ಎರಡು ಪಟ್ಟು ಅಪಾಯ. ಮಾಮೂಲಿ ತರಚು ಗಾಯ ಆಗಬೇಕಾದ ಕಡೆ ಕೀಲು ಮತ್ತೆ ತಪ್ಪಬಹುದು. ನಾನಾಗಿದ್ದರೆ ಅವರ ಡಾಕ್ಟರಿಗೆ ಜುಲೈನಲ್ಲೇ ಆಪರೇಷನ್ ಮಾಡಿ ಅನ್ನುತ್ತಿದ್ದೆ. ಅವರ ಪಾಲಿಗೆ ವುಎಲ್ಟಾ ಎಷ್ಟು ದೊಡ್ಡದು ಅಂತ ಗೊತ್ತಿದ್ದೂ ಹೇಳುತ್ತಿದ್ದೇನೆ.

ಆಪರೇಷನ್ ಮತ್ತು ಕ್ಯಾಲೆಂಡರ್

ಆ ವರ್ಷದ ರೇಸುಗಳು ಮುಗಿಯುವ ಹೊತ್ತಿಗೆ ರೊಗ್ಲಿಚ್ ಭುಜದ ಆಪರೇಷನ್ ಮಾಡಿಸಿಕೊಂಡರು. ಪದೇ ಪದೇ ಜಾರುವ ಭುಜಕ್ಕೆ ಸಾಮಾನ್ಯವಾಗಿ ಮೂರು ದಾರಿ ಇವೆ. ಬರೀ ವ್ಯಾಯಾಮದಿಂದ ಸ್ನಾಯು ಗಟ್ಟಿ ಮಾಡುವುದು ಒಂದು. ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ಹರಿದ ಲ್ಯಾಬ್ರಮ್ ಅನ್ನು ಗುಳಿಯ ಅಂಚಿಗೆ ಮತ್ತೆ ಹೊಲಿಯುವುದು ಇನ್ನೊಂದು. ಗುಳಿಯ ಅಂಚಿನ ಮೂಳೆಯೇ ಸವೆದು ಹೋಗಿದ್ದರೆ ಬೇರೆ ಕಡೆಯಿಂದ ಮೂಳೆಯ ತುಂಡು ತಂದು ಅಲ್ಲಿ ಕೂರಿಸುವುದು ಮೂರನೆಯದು. ಫ್ರಾನ್ಸಿನ ಮಿಶೆಲ್ ಲಟಾರ್ಜೆ 1954ರಲ್ಲಿ ವಿವರಿಸಿದ ವಿಧಾನ ಈ ಮೂರನೇ ಬಗೆಯದು. ಯಾವುದು ಯಾರಿಗೆ ಎಂಬುದನ್ನು ಎಮ್‌ಆರ್‌ಐ, ಸಿಟಿ ಸ್ಕ್ಯಾನ್ ನೋಡಿ, ಎಷ್ಟು ಸಲ ಜಾರಿದೆ ಎಂದು ಕೇಳಿ, ವಯಸ್ಸು, ಆಟ ಎಲ್ಲ ಲೆಕ್ಕ ಹಾಕಿ ತೀರ್ಮಾನಿಸುತ್ತಾರೆ.

ಆಪರೇಷನ್ ಆದಮೇಲೆ ಕೆಲವು ವಾರ ಕೈ ಸ್ಲಿಂಗ್‌ನಲ್ಲಿ. ಆಮೇಲೆ ಫಿಸಿಯೋಥೆರಪಿಸ್ಟ್ ಕೈ ಹಿಡಿದು ಮೆಲ್ಲಗೆ ಆಡಿಸುತ್ತಾರೆ. ಆಮೇಲೆ ನಾವೇ ಆಡಿಸಬೇಕು. ಭಾರ ಎತ್ತುವುದು ಅದರ ನಂತರ. ಮೈಗೆ ಮೈ ತಗುಲುವ, ಬೀಳುವ ಸಾಧ್ಯತೆ ಇರುವ ಆಟಗಳಿಗೆ ಮರಳಲು ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ಸೈಕ್ಲಿಂಗ್‌ನಲ್ಲಿ ಒಂದು ಪುಣ್ಯ ಅಂದರೆ, ಡಾಕ್ಟರ್ ಒಪ್ಪಿದರೆ, ಮನೆಯೊಳಗೆ ಟ್ರೈನರ್ ಮೇಲೆ ಬೇಗನೆ ಪೆಡಲ್ ತುಳಿಯಲು ಶುರು ಮಾಡಬಹುದು. ಎದೆಗುಂಡಿಗೆ, ಕಾಲು ಎರಡೂ ತಯಾರಾಗುತ್ತಿರುತ್ತವೆ. ಅಲ್ಲಿ ಬೀಳುವ ಭಯವೂ ಇಲ್ಲ.

ಈಗ ಲೆಕ್ಕ ನೋಡಿ. ಜಿರೊ ಶುರು 2023ರ ಮೇ 6ಕ್ಕೆ. ಆಪರೇಷನ್ನಿನಿಂದ ಅಲ್ಲಿಗೆ ಆರು ತಿಂಗಳ ಮೇಲೆ. ಭುಜಕ್ಕೆ ಬೇಕಾದಷ್ಟು ಸಮಯ ಕೊಟ್ಟು, ಅದರ ಆಚೆಗೆ ಗುರಿ ಇಟ್ಟರು. ವುಎಲ್ಟಾ ಸಂಗತಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ರೇಸಿನ ದಿನ ಮೊದಲು, ಭುಜ ಆಮೇಲೆ. ಇಲ್ಲಿ ಭುಜ ಮೊದಲು.

ಮೊದಲ ರೇಸು ಮಾರ್ಚ್ ಕೊನೆಯಲ್ಲಿ ಸ್ಪೇನಿನಲ್ಲಿ ನಡೆಯುವ ಕ್ಯಾಟಲೂನ್ಯಾ ಎಂದುಕೊಂಡಿದ್ದರು. ಭುಜ ಚೆನ್ನಾಗಿ ಸುಧಾರಿಸಿತು ಅಂತ ಅದಕ್ಕೂ ಮುಂಚೆ ಇಟಲಿಯಲ್ಲಿ ನಡೆಯುವ ತಿರೆನೊ-ಅದ್ರಿಯಾತಿಕೊ ರೇಸಿಗೆ ಬಂದರು. ಮಾರ್ಚ್ 9, 10, 11, ಸಾಲಾಗಿ ಮೂರು ದಿನ ಮೂರು ಹಂತ ಗೆದ್ದರು. ರೇಸೂ ಅವರದ್ದೇ. ಕ್ಯಾಟಲೂನ್ಯಾದಲ್ಲಿ ಎವನೆಪೂಲ್‌ರನ್ನು 6 ಸೆಕೆಂಡಿನಿಂದ ಸೋಲಿಸಿದರು.

ನಮ್ಮ ದಾರಿಯ ಸವಾರರಿಗೆ

ರೊಗ್ಲಿಚ್ ಸುತ್ತ ತಂಡದ ಡಾಕ್ಟರು, ಫಿಸಿಯೋ ಎಲ್ಲ ಇದ್ದರು. ಬೆಂಗಳೂರಿನಿಂದ ಬೆಳಗಿನ ಜಾವ ನಂದಿಗೆ ಹೊರಟು ಇಳಿಜಾರಿನಲ್ಲಿ ಬಿದ್ದವರ ಹತ್ತಿರ ಒಬ್ಬ ಗೆಳೆಯ, ಒಂದು ಫೋನ್ ಇರುತ್ತದೆ ಅಷ್ಟೇ. ಹದಿನೈದು ದಿನಕ್ಕೆ 200 ಕಿ.ಮೀ. ಬ್ರೆವೆ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ ಇದೆ, ದುಡ್ಡು ಕಟ್ಟಿ ಆಗಿದೆ. ಏನು ಮಾಡಬೇಕು?

ಕೀಲು ತಪ್ಪಿದೆ ಅನ್ನಿಸಿದರೆ ನೀವಾಗಲಿ ನಿಮ್ಮ ಗೆಳೆಯರಾಗಲಿ ಎಳೆದು ಕೂರಿಸಬೇಡಿ. ರೊಗ್ಲಿಚ್‌ರನ್ನು ನೋಡಿ ಕಲಿಯಬಾರದ್ದು ಇದೊಂದೇ. ಜೊತೆಗೆ ಮೂಳೆಯೂ ಮುರಿದಿದ್ದರೆ ಎಳೆದಾಗ ತುಂಡು ಸರಿದು ನರಕ್ಕೋ ರಕ್ತನಾಳಕ್ಕೋ ಪೆಟ್ಟಾಗುತ್ತದೆ. ಕೀಲು ಕೂರಿಸುವ ಮುಂಚೆ ಒಂದು ಎಕ್ಸ್‌ರೇ, ಕೂರಿಸಿದ ಮೇಲೆ ಒಂದು ಎಕ್ಸ್‌ರೇ ತೆಗೆಯುವುದು ಇದಕ್ಕೇ. ತೋಳಿನ ಮೇಲ್ಭಾಗದ ಹೊರಬದಿಯಲ್ಲಿ ಮುಟ್ಟಿದರೆ ಗೊತ್ತಾಗುತ್ತಿಲ್ಲ, ಜೋಮು ಹಿಡಿದ ಹಾಗಿದೆ ಅಂದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಆ ಜಾಗದ ನರ ಕೀಲು ತಪ್ಪಿದಾಗ ಎಳೆದುಕೊಳ್ಳುವುದು ಉಂಟು. ಪುತ್ತೂರು ಕಟ್ಟು, ಊರಿನ ನಾಟಿ ವೈದ್ಯರ ಬಗ್ಗೆ ನಮ್ಮ ಹಿರಿಯರಿಗೆ ನಂಬಿಕೆ ಇದೆ. ಅವರ ಮನಸ್ಸು ನೋಯಿಸುವುದು ನನಗೂ ಇಷ್ಟವಿಲ್ಲ. ಆದರೆ ಒಳಗೆ ಏನು ಹರಿದಿದೆ ಅಂತ ಕೈಯಿಂದ ಮುಟ್ಟಿ ತಿಳಿಯುವುದಿಲ್ಲ. ಎಕ್ಸ್‌ರೇ ಆಗಲೇಬೇಕು.

ಸೈಕಲ್ ಸವಾರರಲ್ಲಿ ಕೊರಳೆಲುಬು ಮುರಿಯುವುದು, ಭುಜದ ತುದಿಯಲ್ಲಿ ಕೊರಳೆಲುಬು ಸೇರುವ ಎಸಿ ಕೀಲು ಬಿಡುವುದು ಕೂಡ ಸಾಮಾನ್ಯ. 2014ರ ಟೂರ್‌ನ ಮೊದಲ ದಿನವೇ ಹ್ಯಾರೊಗೇಟ್‌ನಲ್ಲಿ ಮಾರ್ಕ್ ಕ್ಯಾವೆಂಡಿಶ್ ಬಿದ್ದಾಗ ಆಗಿದ್ದು ಈ ಎಸಿ ಕೀಲಿನ ಗಾಯ. ಹೊರಗಿನಿಂದ ಎಲ್ಲಾ ಒಂದೇ ಥರ ನೋಯುತ್ತದೆ. ಚಿಕಿತ್ಸೆ ಮಾತ್ರ ಬೇರೆ ಬೇರೆ.

ಬ್ರೆವೆಗೆ ಹೋಗಬಹುದಾ ಅಂತ ಡಾಕ್ಟರ್ ಹತ್ತಿರ ಕೇಳುವಾಗ, ಸುಮ್ನೆ ಸೈಕಲ್ ಓಡಿಸಬಹುದಾ ಅಂತ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಹದಿಮೂರೂವರೆ ಗಂಟೆಯವರೆಗೆ ಹ್ಯಾಂಡಲ್ ಮೇಲೆ ಮೈಭಾರ ಹಾಕಿ ಕೂರುತ್ತೇನೆ, ಕತ್ತಲಲ್ಲಿ ಗುಂಡಿ ಸಿಗುತ್ತದೆ, ಲಾರಿ ಅಡ್ಡ ಬಂದರೆ ಎರಡೂ ಕೈಯಲ್ಲಿ ಬ್ರೇಕ್ ಒತ್ತಬೇಕು ಎಂದು ಬಿಡಿಸಿ ಹೇಳಿ. ಮನೆಯಲ್ಲೇ ನೋಡಿಕೊಳ್ಳಬಹುದಾದ ಕೆಲವು ಇವೆ. ಗಾಯದ ಕೈಯೊಂದರಲ್ಲೇ ಹ್ಯಾಂಡಲ್ ಹಿಡಿದು ಇನ್ನೊಂದು ಕೈಯಲ್ಲಿ ಬಾಟಲಿ ತೆಗೆಯಲು ಆಗುತ್ತಾ? ಎದ್ದು ನಿಂತು ಏರು ಹತ್ತುವಾಗ ಭುಜ ಜಾರಿದ ಹಾಗೆ ಅನ್ನಿಸುತ್ತಾ? ಆ ಕೈ ಚಾಚಿ ಸಿಗ್ನಲ್ ಕೊಡಲು ಹೆದರಿಕೆ ಆಗುತ್ತಾ? ಹೆದರಿಕೆ ಆಗುತ್ತಿದ್ದರೆ ಕೀಲು ಇನ್ನೂ ಗಟ್ಟಿಯಾಗಿಲ್ಲ. ನೋವಿಲ್ಲ ಅನ್ನುವುದು ಸಾಲದು. ಮಾತ್ರೆ ನುಂಗಿ ನೋವಿಲ್ಲ ಅನ್ನುವುದಂತೂ ಲೆಕ್ಕಕ್ಕೇ ಇಲ್ಲ. ಬ್ರೆವೆ ಮತ್ತೆ ಬರುತ್ತದೆ.

ಮೊಂತೆ ಲುಸ್ಸಾರಿ

ಜಿರೊಗೆ ಮರಳೋಣ. 11ನೇ ಹಂತ, ಮೇ 17, ಒದ್ದೆ ರಸ್ತೆ. ರೊಗ್ಲಿಚ್ ಬಿದ್ದರು. ಅದೇ ಬೀಳುವಿಕೆಯಲ್ಲಿ ಎದುರಾಳಿ ಗೆರೈಂಟ್ ಥಾಮಸ್ ಕೂಡ ನೆಲಕ್ಕೆ ಬಂದರು. ಟಾವ್ ಗೀಗನ್ ಹಾರ್ಟ್ ಸೊಂಟದ ಮೂಳೆ ಮುರಿದುಕೊಂಡು ರೇಸ್ ಬಿಡಬೇಕಾಯಿತು. ರೊಗ್ಲಿಚ್ ಎದ್ದು ಹೊರಟರು. ಭುಜ ಜಾಗದಲ್ಲೇ ಇತ್ತು. ನನ್ನ ಪ್ರಕಾರ ಆಪರೇಷನ್ ಸಾರ್ಥಕವಾದ ದಿನ ಅದು, ಗೆದ್ದ ದಿನಕ್ಕಿಂತ ಹೆಚ್ಚಾಗಿ.

ಮೇ 27. ಕೊನೆಯ ಹಿಂದಿನ ದಿನ, ಒಬ್ಬೊಬ್ಬರೇ ಓಡಿಸುವ ಟೈಮ್ ಟ್ರಯಲ್. 18.6 ಕಿ.ಮೀ., ಕೊನೆಗೆ ಮೊಂತೆ ಲುಸ್ಸಾರಿ ಬೆಟ್ಟ. ಸ್ಲೊವೇನಿಯಾದ ಗಡಿ ಪಕ್ಕದಲ್ಲೇ, ದಾರಿ ತುಂಬಾ ಸ್ಲೊವೇನಿಯಾದ ಬಾವುಟಗಳು. ಒಟ್ಟು ಲೆಕ್ಕದಲ್ಲಿ ರೊಗ್ಲಿಚ್ ಮೊದಲ ಸ್ಥಾನದಲ್ಲಿದ್ದ ಥಾಮಸ್‌ಗಿಂತ 26 ಸೆಕೆಂಡ್ ಹಿಂದಿದ್ದರು. ಏರಿನ ಮಧ್ಯೆ ಚೈನ್ ಬಿದ್ದಿತು. ಇಳಿದರು, ಕೈಯಿಂದ ಚೈನ್ ಹಾಕಿದರು. ದಾರಿಬದಿಯಲ್ಲಿದ್ದವರೊಬ್ಬರು ಹಿಂದಿನಿಂದ ತಳ್ಳಿ ಶುರು ಮಾಡಿಸಿದರು. ಆ ವ್ಯಕ್ತಿ ರೊಗ್ಲಿಚ್ ಸ್ಕೀ ಜಂಪಿಂಗ್ ಮಾಡುತ್ತಿದ್ದ ಕಾಲದ ಜೊತೆಗಾರ. ಅಷ್ಟು ಕಡಿದಾದ ಜಾಗದಲ್ಲಿ ನಿಂತ ಸೈಕಲನ್ನು ಮತ್ತೆ ಓಡಿಸಬೇಕಾದರೆ ಎರಡೂ ಕೈಯಲ್ಲಿ ಹ್ಯಾಂಡಲ್ ಬಲವಾಗಿ ಎಳೆಯಬೇಕು. ಎಳೆದರು. ಥಾಮಸ್‌ಗಿಂತ 40 ಸೆಕೆಂಡ್ ಬೇಗ ಮೇಲೆ ತಲುಪಿದರು. ಒಟ್ಟು ಲೆಕ್ಕದಲ್ಲಿ 14 ಸೆಕೆಂಡಿನಿಂದ ಜಿರೊ ಗೆದ್ದರು.

ಆಮೇಲೂ ಅವರು ಬಿದ್ದಿದ್ದಾರೆ. 2024ರ ಟೂರ್‌ನ 12ನೇ ಹಂತದಲ್ಲಿ ಬಿದ್ದು ಬೆನ್ನಿನ ಕೆಳಭಾಗದ ಮೂಳೆ ಮುರಿಯಿತು, ಮರುದಿನ ರೇಸ್ ಬಿಟ್ಟರು. ಅವತ್ತೂ ವುಎಲ್ಟಾಗೆ ಐದು ವಾರವೇ ಇತ್ತು. ಈ ಸಲವೂ ಹೋದರು, ನಾಲ್ಕನೇ ಬಾರಿ ಗೆದ್ದರು. ಐದು ವಾರ ಆ ಗಾಯಕ್ಕೆ ಸಾಕಾಯಿತು. 2022ರ ಭುಜಕ್ಕೆ ಬೇಕಾಗಿದ್ದು ಆಪರೇಷನ್, ಅದರ ಮೇಲೆ ಐದು ತಿಂಗಳ ಆಸುಪಾಸು.